ಶಾಯಿ ಕೋರ್ಟಿಗೆ, ಪೆನ್ಸಿಲ್ ಮನೆಗೆ: ಒಬ್ಬ ವಕೀಲರ ಕೋಣೆ ಜೋಡಿಸಿದ ಕೆಲಸದ ದಾಖಲೆ

ಜಾಗ: ಸಾಗರದ ಹಳೆ ಮನೆಯೊಂದರ ರಸ್ತೆ ಕಡೆಯ ಕೋಣೆ. 8 ಅಡಿ ಅಗಲ, 10 ಅಡಿ ಉದ್ದ. 38 ವರ್ಷ ವಕೀಲಿ ಮಾಡಿ, ನಿವೃತ್ತರಾಗಿ, ಮಕ್ಕಳು ಮೊಮ್ಮಕ್ಕಳ ನಡುವೆ ಇದ್ದು ತೀರಿಕೊಂಡ ಹಿರಿಯರ ಆಫೀಸು. ಮನೆಯವರ ಬೇಡಿಕೆ ಎರಡು. ವರ್ಷಾಂತಿಕದ ಹೊತ್ತಿಗೆ ಅವರ ನೆನಪಿಗೆ ಉಳಿಯುವಂಥದ್ದು ಏನಾದರೂ ಆಗಬೇಕು, ಕೋಣೆಯೂ ಖಾಲಿಯಾಗಬೇಕು. ವಕೀಲರ ಕೋಣೆಯಲ್ಲಿ ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಅಲ್ಲಿರುವ ಕಾಗದದಲ್ಲಿ ಮುಕ್ಕಾಲು ಪಾಲು ಆ ಮನೆಗೆ ಸೇರಿದ್ದೇ ಅಲ್ಲ.

ಇದ್ದದ್ದು ಇಷ್ಟು: ಕೋರ್ಟ್ ಡೈರಿ 47 (1968ರಿಂದ 2005ರವರೆಗಿನವು 38, ನಿವೃತ್ತಿಯ ನಂತರದವು 9), ಕೇಸಿನ ಕಟ್ಟು 212, ಮೂರು ಬೀರು ತುಂಬ ಲಾ ರಿಪೋರ್ಟು (ಅಚ್ಚಾದ ತೀರ್ಪುಗಳ ಸಂಪುಟ), ಒಂದು ಟ್ರಂಕು ಫೋಟೊ, ಕ್ಯಾಸೆಟ್ 19, ಫ್ಲಾಪಿ 6, ಕರಿ ಕೋಟು ಎರಡು, ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡು ಒಂದು ಡಬ್ಬಿ, ಶಾಯಿ ಪೆನ್ನು ಮೂರು.

ಪೊರಕೆ ಹಿಡಿಯುವ ಮೊದಲು

ಇಂಥ ಕೋಣೆಗಳಲ್ಲಿ ಆಗುವ ಮೊದಲ ಅನಾಹುತ ಗುಡಿಸುವುದು. ಮೇಜಿನ ಮೇಲಿದ್ದದ್ದನ್ನೆಲ್ಲ ರಾಶಿ ಮಾಡಿ ಒರೆಸಿಬಿಟ್ಟರೆ ಯಾವುದರ ಪಕ್ಕ ಯಾವುದಿತ್ತು ಎಂಬುದು ಹೋಗಿಬಿಡುತ್ತದೆ. ಮೇಜಿನ ಎಡಗಡೆ ಗೂಡಿನಲ್ಲಿದ್ದ ಹೆಸರಿಲ್ಲದ ಚೀಟಿ ಯಾವ ಕೇಸಿನದು ಎಂದು ತಿಳಿಯಲು ಅದರ ಕೆಳಗಿದ್ದ ಕಟ್ಟೊಂದೇ ಸಾಕ್ಷಿ. ಆದ್ದರಿಂದ ಮೊದಲ ದಿನ ಏನನ್ನೂ ಎತ್ತಲಿಲ್ಲ. ಪ್ರತಿ ತಟ್ಟಿಗೆ ನಂಬರಿನ ಚೀಟಿ ಇಟ್ಟು ಫೋಟೊ ತೆಗೆದದ್ದಷ್ಟೇ. ಬೀರು 1, ತಟ್ಟು 3, ಎಡದಿಂದ 7ನೆಯದು ಎಂದರೆ ‘1-3-7’. ಆ ನಂಬರನ್ನು 2ಬಿ ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಕಟ್ಟಿನೊಳಗೆ ಸಿಕ್ಕಿಸಬೇಕು. ಅಂಟು ಚೀಟಿ ಬೇಡ, ಕಿತ್ತ ಮೇಲೂ ಅಂಟು ಕಾಗದದಲ್ಲಿ ಉಳಿದು ಧೂಳು ಹಿಡಿಯುತ್ತದೆ. ಬಾಲ್‌ಪೆನ್ನು ಬೇಡ, ಒತ್ತಿದ ಗುರುತು ಕೆಳಗಿನ ಹಾಳೆಗೂ ಇಳಿಯುತ್ತದೆ.

ಕೆಲಸ ಹಿಡಿದದ್ದು ಡಿಸೆಂಬರಿನಲ್ಲಿ. ಮಲೆನಾಡಿನಲ್ಲಿ ಇದನ್ನು ಆಷಾಢ ಶ್ರಾವಣದಲ್ಲಿ ಮಾಡಲು ಹೋಗಬಾರದು. ಗಾಳಿಯ ತೇವ 65 ಶೇಕಡಾ ದಾಟಿತೆಂದರೆ ಬೂಷ್ಟು ಏಳುತ್ತದೆ, ಮಳೆಗಾಲದಲ್ಲಿ ಅದು 80ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಒದ್ದೆ ಬೂಷ್ಟನ್ನು ಒರೆಸಿದರೆ ಕಾಗದದೊಳಕ್ಕೆ ಹೋಗುತ್ತದೆ. ಒಣಗಿದ ಬೂಷ್ಟು ಕುಂಚಕ್ಕೆ ಉದುರುತ್ತದೆ. ಎನ್95 ಮುಸುಕು ಹಾಕಿ, ಜಗಲಿಯಲ್ಲಿ, ಗಾಳಿ ಬೆನ್ನಿಗೆ ಬರುವಂತೆ ಕೂತು, ಮೆತ್ತನೆಯ 2 ಅಂಗುಲದ ಕುಂಚದಲ್ಲಿ ಬೆನ್ನುಪಟ್ಟಿಯಿಂದ ಹೊರಗಡೆಗೆ ಬಳಿಯುವುದು. ಬಿಸಿಲಿಗೆ ಹರಡುವ ಅಭ್ಯಾಸ ನಮ್ಮಲ್ಲಿ ಇದೆ. ಬೇಡ. ನೀಲಿ ಶಾಯಿ ಬಿಸಿಲಿಗೆ ಹಾರಿಹೋಗುತ್ತದೆ, ಕಾಗದ ಹಪ್ಪಳವಾಗುತ್ತದೆ.

ಕಾಗದ ತಿನ್ನುವ ಸಿಲ್ವರ್ ಫಿಶ್ ಹುಳ ಕಂಡ 11 ಡೈರಿಗಳನ್ನು ಎರಡೆರಡು ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಟ್ಟದ್ದಾಯಿತು. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚುವಂತಿಲ್ಲ. ಬಿಚ್ಚಿದರೆ ಕೋಣೆಯ ತೇವವೆಲ್ಲ ತಣ್ಣನೆಯ ಹಾಳೆಯ ಮೇಲೆ ನೀರಾಗಿ ಕೂರುತ್ತದೆ. ಹುಳ ಸತ್ತಿರುತ್ತದೆ, ಶಾಯಿಯೂ ಹರಡಿರುತ್ತದೆ. ಬೇವಿನೆಲೆ ಹುಳವನ್ನು ಸ್ವಲ್ಪ ದೂರ ಇಟ್ಟೀತು, ಒಳಗಿರುವ ಮೊಟ್ಟೆಗೆ ಏನೂ ಮಾಡುವುದಿಲ್ಲ.

212 ಕಟ್ಟು

ಇದು ನೆನಪಿನ ಕೆಲಸ ಅಲ್ಲ, ಆದರೆ ಇದು ಮುಗಿಯದೆ ನೆನಪಿನ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಕಕ್ಷಿದಾರ ವಕೀಲರಿಗೆ ಹೇಳಿಕೊಂಡ ಮಾತು ಗುಟ್ಟಿನದು. 1872ರ ಸಾಕ್ಷ್ಯ ಕಾಯಿದೆಯ 126ನೇ ಕಲಮಿನಲ್ಲಿ ಇದ್ದದ್ದು ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ವಕಾಲತ್ತು ಮುಗಿದ ಮೇಲೂ ಗುಟ್ಟು ಕಾಯುವ ಆ ಕಟ್ಟುಪಾಡು ಮುಗಿಯುವುದಿಲ್ಲ ಎಂದು ಅಲ್ಲೇ ಬರೆದಿದೆ, ಗುಮಾಸ್ತರಿಗೂ ಅದು ಅನ್ವಯ. ಹಾಗಿರುವಾಗ ‘ಅಪ್ಪ ನಡೆಸಿದ ದೊಡ್ಡ ಕೇಸುಗಳು’ ಎಂದು ಕಡತದ ಪುಟಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದು ಅವರು ಬದುಕಿಡೀ ಕಾಪಾಡಿದ್ದನ್ನೇ ಮುರಿದಂತೆ. ತೀರ್ಪು ಸಾರ್ವಜನಿಕ ದಾಖಲೆ, ಅದು ಬೇಕಾದರೆ ಇರಲಿ. ಕಕ್ಷಿದಾರ ಬರೆದುಕೊಟ್ಟ ಟಿಪ್ಪಣಿ, ವಕೀಲರು ಮಾಡಿಕೊಂಡ ವಾದದ ಗುರುತು, ರಾಜಿ ಮಾತುಕತೆಯ ಚೀಟಿ ಖಂಡಿತ ಬೇಡ.

ಇಲ್ಲಿ ದೊಡ್ಡ ಆಸ್ತಿ ಅವರ ಹಳೆಯ ಗುಮಾಸ್ತರು. ಕಟ್ಟಿನ ಮೇಲಿನ ಹೆಸರು ಅಳಿಸಿದ್ದರೂ ದಾರ ಕಟ್ಟಿದ ರೀತಿ ನೋಡಿ ಯಾವ ಕೋರ್ಟಿನದು ಎಂದು ಹೇಳಿದರು. ನಾಲ್ಕು ದಿನ, ದಿನಕ್ಕೆ ಮೂರು ಗಂಟೆ, ಅವರೊಂದಿಗೆ ಕೂತು 212ನ್ನೂ ಮೂರು ಪಾಲು ಮಾಡಿದ್ದಾಯಿತು. ಕ್ರಯಪತ್ರ, ಪಾಲುಪಟ್ಟಿ, ಮದುವೆ ಫೋಟೊ, ಅಂಕಪಟ್ಟಿಯಂಥ ಅಸಲು ಕಾಗದ ಇದ್ದವು 58. ಇವನ್ನು ಕಕ್ಷಿದಾರರಿಗೋ ಅವರ ವಾರಸುದಾರರಿಗೋ ರುಜು ಪಡೆದು ವಾಪಸು ಕೊಡಬೇಕು. ಫೀಸು ಬಾಕಿ ಇದೆ ಎಂದು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ, ಮನೆಯವರಿಗೆ ಎಲ್ಲಿಂದ ಬರಬೇಕು? ರಸೀದಿ ಪುಸ್ತಕದಲ್ಲಿ ಐದು ಕಾಲಂ ಸಾಕು: ಕಟ್ಟಿನ ನಂಬರು, ಕಾಗದದ ವಿವರ, ಎಷ್ಟು ಹಾಳೆ, ಪಡೆದವರ ರುಜು, ತಾರೀಖು. ಎರಡನೆಯ ಪಾಲು, ಅವರ ಜೂನಿಯರ್ ಆಗಿದ್ದು ಈಗ ವಕಾಲತ್ತು ಮುಂದುವರಿಸಿರುವವರಿಗೆ ಹೋಗಬೇಕಾದವು, 23. ಉಳಿದ 131 ಮುಗಿದುಹೋದ ಕೇಸಿನ ಜೆರಾಕ್ಸು, ಕರಡು, ನಕಲು. ಅವನ್ನು ಅಡ್ಡ ಕತ್ತರಿಸುವ ಯಂತ್ರದಲ್ಲಿ ಚೂರು ಮಾಡಿಸಿದ್ದು. ಗುಜರಿಗೆ ಕೊಟ್ಟರೆ ಯಾರದೋ ಮನೆಯ ಜಗಳ ಸಂತೆಯಲ್ಲಿ ಕಡ್ಲೆಕಾಯಿ ಪೊಟ್ಟಣವಾಗುತ್ತದೆ.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಹಳೆ ವಕೀಲರ ಮೇಜಿನ ಡ್ರಾಯರಿನಲ್ಲಿ ಖಾಲಿ ಛಾಪಾ ಕಾಗದ ಇರುತ್ತದೆ, ಕಕ್ಷಿದಾರ ಮೊದಲೇ ರುಜು ಹಾಕಿಟ್ಟ ಖಾಲಿ ವಕಾಲತ್ತು ಫಾರಮ್ಮೂ ಇರುತ್ತದೆ. 1990ರ ತಾರೀಖಿನ ಖಾಲಿ ಛಾಪಾ ಕಾಗದ ತಪ್ಪು ಕೈಗೆ ಸಿಕ್ಕಿದರೆ 1990ರದೇ ಕರಾರು ಪತ್ರ ಹುಟ್ಟುತ್ತದೆ. ಇಲ್ಲಿ 14 ಹಾಳೆ ಸಿಕ್ಕಿದವು. ಪ್ರತಿಯೊಂದಕ್ಕೂ ಮೂಲೆಯಿಂದ ಮೂಲೆಗೆ ಶಾಯಿ ಗೆರೆ ಎಳೆದು, ನಂಬರು ಬರೆದಿಟ್ಟು, ಇಬ್ಬರ ಎದುರು ಚೂರು ಮಾಡಿದ್ದಾಯಿತು.

ಲಾ ರಿಪೋರ್ಟುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎ.ಐ.ಆರ್. (ಆಲ್ ಇಂಡಿಯಾ ರಿಪೋರ್ಟರ್) ಸಂಪುಟಗಳನ್ನು ವಕೀಲರ ಸಂಘಕ್ಕೆ ಕೊಡುತ್ತೇವೆಂದರೆ ಅಲ್ಲಿಯೂ ಜಾಗ ಇರುವುದಿಲ್ಲ, ಈಗ ಎಲ್ಲ ಕಂಪ್ಯೂಟರಿನಲ್ಲಿದೆ. ಅಂಚಿನಲ್ಲಿ ಅವರ ಕೈಬರಹ ಇದ್ದ ಎರಡು ಸಂಪುಟ ಇಟ್ಟುಕೊಂಡು ಉಳಿದದ್ದನ್ನು ಬೀಳ್ಕೊಡಿ.

ಡೈರಿ, ಮತ್ತು ಕಿಟಕಿ ಕಾಗದ

ಕೆಲಸದ ಜೀವ ಇರುವುದು ಇಲ್ಲಿ.

ಕೋರ್ಟ್ ಡೈರಿಯ ಪುಟ ದಿನಕ್ಕೊಂದು. ಅಚ್ಚಾದ ಕಾಲಮ್ಮುಗಳು: ಹಿಂದಿನ ತಾರೀಖು, ಕೇಸಿನ ನಂಬರು, ಪಕ್ಷಕಾರರು, ಯಾವ ಹಂತ, ಮುಂದಿನ ತಾರೀಖು. ಇವರು ಕಾಲಮ್ಮನ್ನೆಲ್ಲ ನೀಲಿಗಪ್ಪು ಶಾಯಿಯಲ್ಲಿ ತುಂಬುತ್ತಿದ್ದರು. ಪುಟದ ಕೆಳಗೆ ಟಿಪ್ಪಣಿಗೆಂದು ಬಿಟ್ಟ ನಾಲ್ಕೂವರೆ ಸೆಂ.ಮೀ. ಜಾಗದಲ್ಲಿ ಬರೆದದ್ದು ಮಾತ್ರ ಪೆನ್ಸಿಲಿನಲ್ಲಿ. ಕೋರ್ಟಿನದು ಮೇಲೆ, ಮನೆಯದು ಕೆಳಗೆ. 38 ವರ್ಷ ಇದು ತಪ್ಪಿಲ್ಲ. ‘ಅಮ್ಮನ ಕಣ್ಣು, ಶಿವಮೊಗ್ಗ, ಬೆಳಿಗ್ಗೆ 7ರ ಬಸ್ಸು.’ ‘ದೊಡ್ಡವನ ಫೀಸು 85.’ ‘ಹಂಚು ತಿರುಗಿಸಲು ಆಳು ಹೇಳಿದೆ.’ ‘ಸಣ್ಣವಳಿಗೆ ಜ್ವರ ಬಿಟ್ಟಿತು.’

ಮನೆಯವರಿಗೆ ಸೇರಬೇಕಾದ ಬದುಕು ಪೆನ್ಸಿಲಿನ ಸಾಲುಗಳಲ್ಲಿದೆ. ಶಾಯಿಯ ಸಾಲುಗಳು ಕಕ್ಷಿದಾರರವು. ಎರಡನ್ನೂ ಬೇರ್ಪಡಿಸದೆ ಡೈರಿಯ ಫೋಟೊ ಹಂಚುವಂತಿಲ್ಲ. ಕಂಪ್ಯೂಟರಿನಲ್ಲಿ ಕರಿ ಪಟ್ಟಿ ಎಳೆದು ಮುಚ್ಚಿದರೆ ಸಾಲದೇ ಎಂದರೆ, ಸಾಲದು. ಪಿ.ಡಿ.ಎಫ್.ನಲ್ಲಿ ಎಳೆದ ಪಟ್ಟಿ ಎಷ್ಟೋ ಸಲ ಮೇಲೊಂದು ಪದರ ಮಾತ್ರ, ಎತ್ತಿದರೆ ಕೆಳಗಿನದು ಕಾಣುತ್ತದೆ. ಕ್ಯಾಮೆರಾದೊಳಕ್ಕೇ ಹೋಗದಂತೆ ಮಾಡುವುದು ಕ್ಷೇಮ. ಅದಕ್ಕೆ ಮಾಡಿಕೊಂಡದ್ದು ಕಿಟಕಿ ಕಾಗದ.

ಡೈರಿ ಬಿಡಿಸಿಟ್ಟಾಗ 29 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ. 250 ಜಿ.ಎಸ್.ಎಂ.ನ ಕರಿ ಚಾರ್ಟ್ ಹಾಳೆಯಲ್ಲಿ 34×26 ಸೆಂ.ಮೀ. ತುಂಡು ಕತ್ತರಿಸಿ, ಎಡಪುಟಕ್ಕೂ ಬಲಪುಟಕ್ಕೂ ಒಂದೊಂದು 13×4.2 ಸೆಂ.ಮೀ. ಕಿಟಕಿ ಕೊರೆಯುವುದು. ಕತ್ತರಿಯಲ್ಲಿ ಆಗುವುದಿಲ್ಲ; ಉಕ್ಕಿನ ಅಡಿಪಟ್ಟಿ ಇಟ್ಟು ಹೊಸ ಬ್ಲೇಡಿನಲ್ಲಿ ಎರಡು ಸಲ ಹಗುರ ಎಳೆದರೆ ಅಂಚು ಸಿಗುರು ಏಳುವುದಿಲ್ಲ. ಬಿಳಿ ಹಾಳೆಯಲ್ಲಿ ಮಾಡಿದ ಮೊದಲ ಕಿಟಕಿ ಕಾಗದ ದಂಡವಾಯಿತು: ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾ ಇಡೀ ಚಿತ್ರವನ್ನು ಕಪ್ಪಾಗಿಸಿತು, ಮೊದಲೇ ಮಾಸಿದ ಪೆನ್ಸಿಲು ಇಲ್ಲವಾಯಿತು. ಕಪ್ಪು ಹಾಳೆ ಹಾಕಿದಾಗ ಎದ್ದುಬಂತು.

ಪುಟಗಳ ಫೋಟೊ ತೆಗೆಯುವ ಸ್ಟ್ಯಾಂಡಿಗೆ ಬೇಕಾದದ್ದು 18 ಮಿ.ಮೀ. ಪ್ಲೈವುಡ್ಡಿನ 60×45 ಸೆಂ.ಮೀ. ಹಲಗೆ, ಹಿಂದೆ ನಿಲ್ಲಿಸಿದ 75 ಸೆಂ.ಮೀ. ಕಂಬ, ಕಂಬಕ್ಕೆ ಅಡ್ಡ ತೋಳು, ಅದಕ್ಕೆ ಕ್ಯಾಮೆರಾ. ಎರಡೂ ಪಕ್ಕ 45 ಡಿಗ್ರಿ ಓರೆಯಲ್ಲಿ 9 ವ್ಯಾಟಿನ ಎಲ್.ಇ.ಡಿ. ಬಲ್ಬು, ಒಂದೇ ಪೆಟ್ಟಿಗೆಯಿಂದ ತಂದ ಜೋಡಿ. ಬೇರೆ ಬೇರೆ ಕಡೆಯದಾದರೆ ಎಡಪುಟ ಹಳದಿ, ಬಲಪುಟ ನೀಲಿ. ಕೋಣೆಯ ಟ್ಯೂಬ್‌ಲೈಟು ಆರಿಸಿ, ಕಿಟಕಿಗೆ ಕಂಬಳಿ. ಶಟರನ್ನು ಬೆರಳಿನಲ್ಲಿ ಒತ್ತಿದರೆ ಅಲುಗುತ್ತದೆ, ಎರಡು ಸೆಕೆಂಡಿನ ಟೈಮರ್ ಸಾಕು.

ಶಾಯಿಗೂ ಪೆನ್ಸಿಲಿಗೂ ಬೆಳಕು ಒಂದೇ ಅಲ್ಲ. ಪೆನ್ಸಿಲಿನ ಸೀಸಕ್ಕೆ ಹೊಳಪಿದೆ. ಎರಡೂ ದೀಪ ಉರಿಯುವಾಗ ಆ ಹೊಳಪು ಕ್ಯಾಮೆರಾಕ್ಕೆ ತಗುಲಿ ಅಕ್ಷರ ಬಿಳಿಚುತ್ತದೆ. ಹೀಗಾಗಿ ಪೆನ್ಸಿಲ್ ಪುಟಗಳಿಗೆ ಬಲಗಡೆಯ ದೀಪ ಆರಿಸಿ, ಎಡಗಡೆಯದನ್ನು ಕೆಳಕ್ಕೆ, ಹಾಳೆಗೆ 20 ಡಿಗ್ರಿಯ ಮಟ್ಟಕ್ಕೆ ಇಳಿಸಿದ್ದು. ಮಾಸಿದ ಕಡೆ ಒತ್ತಿ ಬರೆದ ಗೀರು ನೆರಳಾಗಿ ಕಾಣುತ್ತದೆ. ಪೆನ್ಸಿಲು ಇಂಗಾಲ, ಬೆಳಕಿಗೆ ಮಾಸುವುದಿಲ್ಲ, ಉಜ್ಜಿದರೆ ಹೋಗುತ್ತದೆ. ಆ ನಾಲ್ಕೂವರೆ ಸೆಂ.ಮೀ. ಪಟ್ಟಿಗೆ ಕುಂಚ ತಾಗಿಸಬಾರದು, ರಬ್ಬರಂತೂ ಹತ್ತಿರ ಬರಬಾರದು.

ಲೆಕ್ಕ ಹೀಗೆ ಬಂತು. 47 ಡೈರಿ, ಒಂದಕ್ಕೆ ಸುಮಾರು 190 ಜೋಡಿಪುಟ, ಒಟ್ಟು 8930. ನಿಮಿಷಕ್ಕೆ 6ರಂತೆ ಸುಮಾರು 25 ಗಂಟೆ. ಚಿತ್ರಕ್ಕೆ 5 ಎಂ.ಬಿ. ಹಿಡಿದರೆ 45 ಜಿ.ಬಿ. ಇದರಲ್ಲಿ ವಕೀಲಿ ಕಾಲದ ಡೈರಿಗಳ ಪೂರ್ತಿ ಪುಟದ ಸಂಪುಟಕ್ಕೆ ‘ಅ’ ಎಂದು ಹೆಸರು. ಗುಪ್ತಪದ ಹಾಕಿದ ಒಂದೇ ಡ್ರೈವಿನಲ್ಲಿ ಜೂನಿಯರ್ ವಕೀಲರ ಬಳಿ ಇದೆ. ವಕೀಲಿಯ 38 ಡೈರಿಗಳಲ್ಲಿ ಪೆನ್ಸಿಲ್ ಇದ್ದ ಜೋಡಿಪುಟಗಳನ್ನು ಕಿಟಕಿ ಕಾಗದ ಹಾಕಿ ಮತ್ತೆ ತೆಗೆದದ್ದು ‘ಆ’, ಮನೆಯವರದು.

ಕಿಟಕಿ ಕಾಗದವೂ ಎಲ್ಲವನ್ನೂ ಕಾಯುವುದಿಲ್ಲ. ಮನೆಯ ಸಾಲಿನಲ್ಲಿಯೂ ಕೆಲವು ಸಲ ಕಕ್ಷಿದಾರರ ಹೆಸರು ನುಸುಳಿರುತ್ತದೆ: ಇಂಥವರು ಜೇನುತುಪ್ಪ ತಂದುಕೊಟ್ಟರು, ಇಂಥವರಿಗೆ ಬಸ್ಸಿನ ದುಡ್ಡು ಕೊಟ್ಟೆ. ಗುಮಾಸ್ತರು ‘ಆ’ ಸಂಪುಟವನ್ನೆಲ್ಲ ಒಮ್ಮೆ ಕಣ್ಣಾಡಿಸಿ 37 ಕಡೆ ತೋರಿಸಿದರು. ಅವಕ್ಕೆ ಹೆಸರಿನ ಮೇಲೆ ಕಾಗದದ ಚೂರು ಇಟ್ಟು ಮತ್ತೆ ಚಿತ್ರ.

ಡೈರಿಗಳಿಗೆ ವಿಷಯಸೂಚಿ ಮಾಡುವವರಿಗೆ ಈ ಊರಿನ ವಕೀಲರ ಡೈರಿಯಲ್ಲಿ ಒಂದು ಹಳ್ಳ ಕಾದಿರುತ್ತದೆ. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವ ಜಮೀನು ತಮ್ಮದಾಗಲು ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಆ ಅರ್ಜಿಯ ಗಡುವು ಮುಗಿದದ್ದು 1979ರ ಜೂನ್ 30ಕ್ಕೆ. ಗೇಣಿದಾರರು 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಸಿದ ಈ ತಾಲ್ಲೂಕಿನಲ್ಲಿ ಆಗ ಬೇರೆ ಮಾತೇ ಇರಲಿಲ್ಲ. ಆದರೆ 1975, 76, 77ರ ಡೈರಿಯ ಕಾಲಮ್ಮುಗಳಲ್ಲಿ ಮಂಡಳಿಯ ಒಂದೇ ಒಂದು ನಮೂದಿಲ್ಲ. ಇವರು ಗೇಣಿ ಕೇಸು ಹಿಡಿಯುತ್ತಿರಲಿಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಮಂಡಳಿಯ ಮುಂದೆ ವಕೀಲರು ನಿಲ್ಲಬಾರದು ಎಂದು ಕಾಯಿದೆಯ 48ನೇ ಕಲಮಿನಲ್ಲೇ ಇತ್ತು, ಆ ನಿಷೇಧ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 1987ರಲ್ಲಿ. ಕೆಳಗಿನ ಪೆನ್ಸಿಲ್ ಪಟ್ಟಿ ನೋಡಿದರೆ ಕಾಣುತ್ತದೆ: ‘ರಾತ್ರಿ ಫಾರಂ 7, ನಾಲ್ಕು.’ ‘ಫಾರಂ 7, ಎರಡು. ದೀಪಕ್ಕೆ ಸೀಮೆಎಣ್ಣೆ ತರಬೇಕು.’ ಊಟದ ನಂತರ ಜಗಲಿಯಲ್ಲಿ ಬರೆದುಕೊಟ್ಟದ್ದು ಕೋರ್ಟಿನ ಕಾಲಮ್ಮಿಗೆ ಸೇರದೆ ಮನೆಯ ಪಟ್ಟಿಗೆ ಸೇರಿದೆ. ಹೆಸರು ಒಂದೂ ಇಲ್ಲ, ಫೀಸೂ ಇಲ್ಲ. ಹೆಸರಿಲ್ಲದ್ದರಿಂದ ಈ ಸಾಲುಗಳು ಕಿಟಕಿಯಲ್ಲಿ ಹಾಗೇ ಉಳಿದವು.

ಇನ್ನೊಂದು ಪುಟ, 1984ರ ಫೆಬ್ರವರಿಯದು. ಶಾಯಿಯ ಕಾಲಮ್ಮಿನಲ್ಲಿ ಒಂದು ಅಸಲು ದಾವೆ, ಹಂತದ ಕಡೆ ‘ಸಾಕ್ಷಿ. ವಾಯಿದೆ ಕೇಳಿದೆ.’ ಎಂದರೆ ವಿಚಾರಣೆಯನ್ನು ಮುಂದಿನ ತಾರೀಖಿಗೆ ಹಾಕಲು ಕೇಳಿದ್ದು. ಕೆಳಗೆ ಪೆನ್ಸಿಲು: ‘ಶಾಲೆ, 4 ಗಂಟೆ. ಸಣ್ಣವಳ ಡ್ಯಾನ್ಸು.’ ಇದೊಂದೇ ಆಗಿದ್ದರೆ ಕಾಕತಾಳೀಯ ಎನ್ನಬಹುದು. ಸೂಚಿಯಲ್ಲಿ ‘ವಾಯಿದೆ’ ಎಂದು ಒಂದು ಕಾಲಂ ಮಾಡಿ, ಕೇಸಿನ ನಂಬರಿಲ್ಲದೆ ತಾರೀಖು ಮಾತ್ರ ಹಾಕುತ್ತಾ ಹೋದಾಗ 1979ರಿಂದ 1991ರವರೆಗೆ ಹದಿಮೂರು ವರ್ಷವೂ ಶಾಲೆಯ ವಾರ್ಷಿಕೋತ್ಸವದ ದಿನ ಮಧ್ಯಾಹ್ನದ ನಂತರ ಇವರು ಒಂದು ಕೇಸೂ ಇಟ್ಟುಕೊಂಡಿಲ್ಲ ಎಂಬುದು ಕಂಡಿತು. ಮನೆಯವರಿಗೆ ಗೊತ್ತಿದ್ದದ್ದು ಅಪ್ಪ ಪ್ರತಿ ವರ್ಷ ಬರುತ್ತಿದ್ದರು ಎಂಬುದಷ್ಟೇ. ಈ ಕಾಲಮ್ಮನ್ನು ಹೆಸರಿಲ್ಲದೆ ಮನೆಯವರ ಪ್ರತಿಗೆ ಸೇರಿಸಿದೆ.

ಫೋಟೊ

1970, 80ರ ದಶಕದ ಆಲ್ಬಮ್ಮುಗಳಲ್ಲಿ ಅಂಟು ಗೆರೆ ಬಳಿದ ರಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ. ಅಂಟು ಹಳದಿಯಾಗಿ ಗಟ್ಟಿಯಾಗಿರುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೊ ಬಗ್ಗಿ ಮೇಲ್ಪದರ ಬಿರಿಯುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿ ಕೊಟ್ಟರೆ ಅಂಟು ಕರಗಿ ಫೋಟೊದ ಬೆನ್ನಿಗೇ ಹೀರಿಕೊಳ್ಳುತ್ತದೆ. ಮೇಣ ಹಚ್ಚದ, ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಎರಡು ಕೈಯಲ್ಲಿ ಬಿಗಿ ಹಿಡಿದು, ಮೂಲೆಯಿಂದ ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಾ ಫೋಟೊದ ಕೆಳಗೆ ನುಗ್ಗಿಸಬೇಕು. ಒಂದಕ್ಕೆ ಎರಡು ಮೂರು ನಿಮಿಷ. ಬಾರದಿದ್ದರೆ ಬಿಟ್ಟುಬಿಡಿ, ಪುಟದ ಸಮೇತ 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿ. ಒಟ್ಟು 340ರಲ್ಲಿ 26 ಹಾಗೇ ಉಳಿದವು.

ವಕೀಲಿ ಮಾಡಲು ಅನುಮತಿ ಕೊಡುವ ಸನ್ನದು ಸಿಕ್ಕಿದ ವರ್ಷದ ಫೋಟೊ ಗಾಜಿಗೆ ಅಂಟಿತ್ತು. ಗೋಡೆಯ ತೇವಕ್ಕೆ ಫೋಟೊದ ಜೆಲಟಿನ್ ಕರಗಿ ಗಾಜನ್ನೇ ಹಿಡಿದುಕೊಳ್ಳುತ್ತದೆ. ಇದನ್ನು ಬಿಡಿಸಲು ನೀರಿನಲ್ಲಿ ನೆನೆಸಿ ಎಂದು ಹೇಳುವವರಿದ್ದಾರೆ. ಒಂದೇ ಪ್ರತಿ ಇರುವಾಗ ಆ ಜೂಜು ಬೇಡ. ಚೌಕಟ್ಟು ಬಿಚ್ಚಿ, ಗಾಜಿನ ಹೊರಮೈಯನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಕ್ಯಾಮೆರಾ ಇಟ್ಟು, ಕ್ಯಾಮೆರಾದ ಸುತ್ತ ಕರಿ ಬಟ್ಟೆ ಹೊದಿಸಿ ತೆಗೆದರೆ ಪ್ರತಿಫಲನ ಬರುವುದಿಲ್ಲ. ಸನ್ನದಿನಲ್ಲಿ ಮೈಸೂರು ರಾಜ್ಯ ಎಂದಿರುವುದನ್ನು ಕಂಡು ಮೊಮ್ಮಕ್ಕಳು ಅಜ್ಜ ಮೈಸೂರಿನಲ್ಲಿದ್ದರೇ ಎಂದು ಕೇಳುವುದುಂಟು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು ಎಂದು ಅಡಿಬರಹದಲ್ಲಿ ಹಾಕಿದರೆ ಗೊಂದಲ ಮುಗಿಯುತ್ತದೆ.

ಲೀಗಲ್ ಸೈಜಿನ ಹಾಳೆ 14 ಅಂಗುಲ ಉದ್ದ, ಮನೆಯ ಸ್ಕ್ಯಾನರಿನ ಗಾಜು ಹನ್ನೆರಡು ಅಂಗುಲವೂ ಇರುವುದಿಲ್ಲ. ಸನ್ನದು, ಮದುವೆ ಕರೆಯೋಲೆಯ ಕರಡು, ಅವರು ಮಕ್ಕಳಿಗೆ ಕೋರ್ಟಿನ ಹಸಿರು ಹಾಳೆಯಲ್ಲೇ ಬರೆದ ಕಾಗದಗಳು ಎಲ್ಲವೂ ಈ ಅಳತೆಯವು. ಇವಕ್ಕೂ ಡೈರಿಯ ಸ್ಟ್ಯಾಂಡೇ ಗತಿ.

ಕ್ಯಾಸೆಟ್

19ರಲ್ಲಿ 16 ಯಕ್ಷಗಾನ. ಅವರ ದನಿ ಇದ್ದದ್ದು ಮೂರರಲ್ಲಿ, ಮೂರೂ ಒಂದು ಗಂಟೆಯ ಸಿ-60. ಮೊದಲು ಹಾಕಿದ್ದು ಅವನ್ನಲ್ಲ, ಕಳೆದರೂ ಚಿಂತೆಯಿಲ್ಲದ ಒಂದು ಯಕ್ಷಗಾನ ಕ್ಯಾಸೆಟ್. ಪ್ಲೇಯರ್ ಟೇಪನ್ನು ನುಂಗುತ್ತದೆಯೋ ಇಲ್ಲವೋ ಅದರಲ್ಲೇ ತಿಳಿಯಲಿ.

ಕೂರಿಸುವ ಮೊದಲು ಪ್ಲೇಯರಿನ ಹೆಡ್ಡನ್ನೂ ರಬ್ಬರ್ ರೋಲರನ್ನೂ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬೇಕು, ಕಡ್ಡಿಗೆ ಕಂದು ಬಣ್ಣ ಹತ್ತುವುದು ನಿಲ್ಲುವತನಕ. ಎರಡನೆಯ ಕ್ಯಾಸೆಟ್ಟಿನಲ್ಲಿ ದನಿ ಬಾವಿಯೊಳಗಿಂದ ಬಂದಂತೆ ಮಂದ, ನಡುನಡುವೆ ಮಾಯ. ಟೇಪು ಹಾಳಾಗಿರಲಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಉಣ್ಣೆಯ ಪುಟ್ಟ ದಿಂಬು, ಹಿತ್ತಾಳೆ ಬಣ್ಣದ ಪಟ್ಟಿಯ ಮೇಲೆ ಅಂಟಿಸಿದ್ದು, ಅಂಟು ಒಣಗಿ ಉದುರಿ ಒಳಗೆ ಉರುಳಾಡುತ್ತಿತ್ತು. ಹಳೆ ಕ್ಯಾಸೆಟ್ಟಿನಲ್ಲಿ ಇದು ಸಾಮಾನ್ಯ ದೂರು. ಐದು ಸ್ಕ್ರೂ ಇರುವ ಚಿಪ್ಪಾದರೆ ಬಿಚ್ಚಬಹುದು. ಇದು ಬೆಸುಗೆ ಹಾಕಿದ್ದು. ಅಂಚಿನ ಸೀಳಿನಲ್ಲಿ ಬ್ಲೇಡು ತೂರಿಸಿ, ಟಕ್ ಎನ್ನುವವರೆಗೆ ಹಗುರವಾಗಿ ತಿರುವುತ್ತಾ ಸುತ್ತ ಬಂದು, ಮೇಲ್ಚಿಪ್ಪು ಎತ್ತಿ, ಎರಡು ಸುರುಳಿಗಳನ್ನೂ ಒಟ್ಟಿಗೆ ಎತ್ತಿ ಯಕ್ಷಗಾನದ ಸ್ಕ್ರೂ ಚಿಪ್ಪಿಗೆ ವರ್ಗಾಯಿಸಿದ್ದಾಯಿತು. ಎತ್ತುವಾಗ ಸುರುಳಿಯ ನಡುವೆ ಬೆರಳಿಡಬೇಡಿ. ಟೇಪು ಬುಗುರಿಯಂತೆ ಬಿಚ್ಚಿಕೊಂಡರೆ ಸುಮಾರು 90 ಮೀಟರ್ ನೆಲದ ಮೇಲಿರುತ್ತದೆ.

ಆಮೇಲೆ ಕೊನೆತನಕ ಮುಂದಕ್ಕೆ, ಕೊನೆತನಕ ಹಿಂದಕ್ಕೆ ಒಮ್ಮೆ ಓಡಿಸಿ. ವರ್ಷಾನುಗಟ್ಟಲೆ ಕೂತು ಒಂದಕ್ಕೊಂದು ಹಿಡಿದ ಪದರ ಸಡಿಲವಾಗುತ್ತದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸುತ್ತಾ ‘ಸ’, ‘ಶ’ ಅಕ್ಷರ ಅತಿ ಸ್ಪಷ್ಟವಾಗುವ ಜಾಗ ಹಿಡಿಯಬೇಕು. ಮಾತಿನ ಕ್ಯಾಸೆಟ್ಟಿಗೆ ಇದೊಂದೇ ಅರ್ಧ ಗೆಲುವು. ಕಂಪ್ಯೂಟರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಎರಡು ಚಾನೆಲಿಗೆ ಗಂಟೆಗೆ 1 ಜಿ.ಬಿ. ಚಿಲ್ಲರೆ. ಸರಸರ ಸದ್ದು ತೆಗೆಯುವ ಫಿಲ್ಟರನ್ನು ಮೂಲ ಪ್ರತಿಗೆ ಹಾಕಬಾರದು. ಆ ಸದ್ದಿನ ಜೊತೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದೂ ಹೋಗುತ್ತದೆ, ಹಿನ್ನೆಲೆಯ ಒಗ್ಗರಣೆಯ ಸಿಡಿತವೂ.

ಫ್ಲಾಪಿಗಳಲ್ಲಿ 2000ದ ನಂತರ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕಾಗದಗಳು. ಯು.ಎಸ್.ಬಿ. ಡ್ರೈವಿನಲ್ಲಿ ಆರರಲ್ಲಿ ನಾಲ್ಕು ಓದಿದವು. ತೆರೆದರೆ ಅಡ್ಡಾದಿಡ್ಡಿ ಗುರುತು ಕಾಣುತ್ತದೆ, ಏಕೆಂದರೆ ಅದು ಈಗಿನ ಕಂಪ್ಯೂಟರುಗಳು ಓದುವ ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಕಿದ ಮೇಲೂ ಅರ್ಕಾವತ್ತನ್ನು ಒಂದೊಂದಾಗಿ ನೋಡಬೇಕು. ಹಳೆ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ‘ವರ್ಷ’ ಎಲ್ಲೋ ಒಂದು ಕಡೆ ‘ವಷರ್’ ಆಗಿಯೇ ಇರುತ್ತದೆ.

ಪೆಟ್ಟಿಗೆ

ಡೈರಿಯ ದಪ್ಪ 2.5 ಸೆಂ.ಮೀ. 16 ಸೇರಿದರೆ 40. ಮೂರು ಪೆಟ್ಟಿಗೆಯಲ್ಲಿ 47 ಹಿಡಿಸಿ ಒಂದರ ಜಾಗ ಉಳಿಯುತ್ತದೆ. ಒಳ ಅಳತೆ 42×16×24 ಸೆಂ.ಮೀ. ಎರಡು ಸೆಂ.ಮೀ. ಸಡಿಲ ಬೇಕೇ ಬೇಕು, ಬಿಗಿಯಾಗಿ ತುರುಕಿದರೆ ತೆಗೆಯುವಾಗ ಬೆನ್ನುಪಟ್ಟಿ ಹರಿಯುತ್ತದೆ. ಮರ ಬೀರುವಿನದೇ ತಟ್ಟು, 12 ಮಿ.ಮೀ.ಗೆ ಕೀಸಿದ್ದು. ಸ್ಕ್ರೂ ಹಿತ್ತಾಳೆಯದು. ಕಬ್ಬಿಣದ್ದು ಈ ಹವೆಗೆ ತುಕ್ಕು ಹಿಡಿದು ಮರದ ಒಗರಿನ ಜೊತೆ ಸೇರಿ ಕಪ್ಪು ಕಲೆ ಬಿಡುತ್ತದೆ. ಹೊರಗೆ ಮಾತ್ರ ಅರಗಿನ ಪಾಲಿಶು, ಒಳಗೆ ಏನೂ ಇಲ್ಲ. ಪಾಲಿಶಿನ ವಾಸನೆ ಪೂರ್ತಿ ಹೋಗಲು ನಾಲ್ಕು ವಾರ ಬಿಟ್ಟದ್ದು. ಮರದ ಹುಳಿ ಕಾಗದಕ್ಕೆ ತಾಗದಂತೆ ಒಳಮೈಗೆ ಆಮ್ಲರಹಿತ ರಟ್ಟು. ಅಡಿಯಲ್ಲಿ 15 ಮಿ.ಮೀ. ಕಾಲು, ನೆಲದ ತೇವ ಏರದಿರಲು. 100 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಒಂದೊಂದು. ಬಣ್ಣ ತಿರುಗಿದಾಗ 110ರಿಂದ 120 ಡಿಗ್ರಿಯಲ್ಲಿ ಮೂರು ಗಂಟೆ ಓವನ್ನಿನಲ್ಲಿ ಹುರಿದು ಮತ್ತೆ ಇಡಬಹುದು.

ನುಸಿಗುಳಿಗೆ ಹಾಕಬಾರದು. ಕೋಟಿನ ಪೆಟ್ಟಿಗೆಯಲ್ಲಿ ಬೇಕಾದರೆ ಇರಲಿ. ಅದರ ಆವಿಗೆ ಕ್ಯಾಸೆಟ್ಟಿನ ಚಿಪ್ಪು ಮೆತ್ತಗಾಗುತ್ತದೆ. ಪೆನ್ನುಗಳನ್ನು ತಣ್ಣೀರಿನಲ್ಲಿ ನೆನೆಸಿ ಶಾಯಿ ಬಿಡಿಸಿದ್ದು, ಎಬೊನೈಟಿನದನ್ನು ಮಾತ್ರ ನೀರಿಗೆ ಹಾಕದೆ ಒರೆಸಿ ಇಟ್ಟದ್ದು. ನೀರು ಕುಡಿದರೆ ಆ ಕಪ್ಪು ಹಸಿರುಗಂದಾಗುತ್ತದೆ.

ಮನೆಯವರ ಪಾಲಿನದರ ಡಿಜಿಟಲ್ ಪ್ರತಿ ಮೂರು: ಮಗನ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕು, ಮಗಳ ಮನೆಯಲ್ಲಿ ಇನ್ನೊಂದು, ಮೂರನೆಯದು ಆನ್‌ಲೈನು. ವರ್ಷಾಂತಿಕಕ್ಕೆ ಬಂದವರಿಗೆ ಹಂಚಲು ಪೆನ್‌ಡ್ರೈವು ಆದೀತು, ಕಾಪಿಡಲು ಅದನ್ನು ನಂಬಬಾರದು.

ಕೊನೆಗೆ ಉಳಿದದ್ದು ನಿವೃತ್ತಿಯ ನಂತರದ 9 ಡೈರಿ. ಅದೇ ಅಂಗಡಿಯ ಅದೇ ಕೋರ್ಟ್ ಡೈರಿ ತರಿಸಿಕೊಳ್ಳುತ್ತಿದ್ದರು. ಕೇಸಿನ ನಂಬರಿನ ಕಾಲಂ ಖಾಲಿ. ಪಕ್ಷಕಾರರ ಕಾಲಮ್ಮಿನಲ್ಲಿ ಮೊಮ್ಮಕ್ಕಳ ಹೆಸರು, ಹಂತದ ಕಡೆ ‘ಪೋಲಿಯೊ ಹನಿ’, ‘ಪರೀಕ್ಷೆ’, ‘ಹಲ್ಲು’, ಮುಂದಿನ ತಾರೀಖಿನಲ್ಲಿ ಮುಂದಿನ ತಾರೀಖು. ಎಲ್ಲವೂ ಶಾಯಿಯಲ್ಲಿ. ಇವಕ್ಕೆ ಕಿಟಕಿ ಕಾಗದ ಬೇಕಾಗಲಿಲ್ಲ, ಎರಡೂ ದೀಪ ಹೊತ್ತಿಸಿ ಪೂರ್ತಿ ಪುಟವನ್ನೇ ತೆಗೆದು ನೇರ ‘ಆ’ ಸಂಪುಟಕ್ಕೆ ಸೇರಿಸಿದ್ದಾಯಿತು. ಐದು ಗಂಟೆಯ ಕೆಲಸ.